ನೆರಳು ಹೋಗಬೇಕಿದ್ದ ಭಾನುವಾರ

ಕಾಶಪ್ಪನ ಬಾಯಿಂದ ಅಗತ್ಯಕ್ಕಿಂತ ಒಂದು ವಾಕ್ಯ ಹೆಚ್ಚು ಬಂದದ್ದೇ ಇಷ್ಟಕ್ಕೆಲ್ಲ ಕಾರಣ.

ಮುಂಬಯಿಯ ಸಯನ್ನಿನಲ್ಲಿ ಕನ್ನಡ ಸಂಘದವರು ನಡೆಸುತ್ತಿದ್ದ ಕನ್ನಡ ಶಾಲೆಯಲ್ಲಿ ವಿಜ್ಞಾನದ ಮಾಸ್ತರರ ಜಾಗ ಖಾಲಿಯಾಗಿತ್ತು. ಕಾಶಪ್ಪ ಜೋಗೇಶ್ವರಿಯ ಒಂದು ಸಣ್ಣ ಕಾರಖಾನೆಯಲ್ಲಿ ಗುಮಾಸ್ತ. ಏಳು ವರ್ಷದಿಂದ ಹೊರಗೆ ಹೋಗುವ ಪೆಟ್ಟಿಗೆಗಳ ಮೇಲೆ ವಿಳಾಸದ ಚೀಟಿ ಅಂಟಿಸುತ್ತಿದ್ದ. ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದವನು; ಆ ಪದವಿಗೆ ಗೋಂದಿನ ವಾಸನೆ ಹತ್ತದಂತೆ ಒಳಗೊಳಗೇ ಜೋಪಾನ ಮಾಡಿಕೊಂಡು ಬಂದಿದ್ದ. ಮಾಸ್ತರರ ಸಂಬಳವೇನೂ ಹೆಚ್ಚಿರಲಿಲ್ಲ. ಆದರೆ ನಲವತ್ತು ಮಕ್ಕಳ ಎದುರು ನಿಂತು, ತನಗೆ ಗೊತ್ತಿದ್ದುದನ್ನು ಗಟ್ಟಿಯಾಗಿ ಹೇಳುವ ಅವಕಾಶ ಅಲ್ಲಿತ್ತು. ಪೆಟ್ಟಿಗೆಗಳು ಯಾವತ್ತೂ ಅವನನ್ನು ಏನೂ ಕೇಳಿರಲಿಲ್ಲ.

ಅರ್ಜಿ ಹಾಕಿದವರು ಇಬ್ಬರೇ. ಒಬ್ಬ ಕಾಶಪ್ಪ. ಇನ್ನೊಬ್ಬ, ಶಾಲಾ ಸಮಿತಿಯ ಅಧ್ಯಕ್ಷ ಮುರಿಗೆಪ್ಪನವರ ಅಕ್ಕನ ಮಗ.

ಮುರಿಗೆಪ್ಪನವರು ಬೆಳಗಾವಿ ಕಡೆಯ ಕಾಳಿನ ವ್ಯಾಪಾರಿ. ಜೋಳವನ್ನು ಅಂಗೈಯಲ್ಲಿ ಹಾಕಿ ಊದಿ ನೋಡದೆ ಅದು ಜೋಳವೆಂದು ಒಪ್ಪಿದವರಲ್ಲ. ಸಂದರ್ಶನದ ದಿನ ಅವರು ಕಾಶಪ್ಪನನ್ನೂ ಹಾಗೆಯೇ ಊದಿ ನೋಡಿದರು.

“ಹಿಂದಿನವರಿಗೆ ಆಕಾಶದ ಬಗ್ಗೆ ಏನರ ಗೊತ್ತಿತ್ತೇನು? ದುರ್ಬೀನು ಇರಲಿಲ್ಲಲಾ.”

ಕಾಶಪ್ಪ ಆ ವಿಷಯದ ಮೇಲೆ ಲೈಬ್ರರಿಯ ಪುಸ್ತಕವೊಂದನ್ನು ಮೂರು ಸಲ ಓದಿದ್ದ. ಬ್ಯಾಬಿಲೋನಿನವರು ಹಸಿಮಣ್ಣಿನ ಹಲಗೆಯ ಮೇಲೆ ಗ್ರಹಣಗಳನ್ನು ಬರೆದಿಟ್ಟದ್ದನ್ನು ಹೇಳಿದ. ಈಜಿಪ್ಟಿನವರು ಬೆಳಗಿನ ಜಾವ ಒಂದು ನಕ್ಷತ್ರ ಮೂಡಿದ್ದನ್ನು ಕಂಡು ನೈಲ್ ನದಿಗೆ ನೆರೆ ಬರುವ ಹೊತ್ತಾಯಿತೆಂದು ತಿಳಿಯುತ್ತಿದ್ದುದನ್ನು ಹೇಳಿದ. ಸಮುದ್ರದಾಚೆಯ ಮಾಯಾ ಜನ ಶುಕ್ರನ ಬೆನ್ನು ಹತ್ತಿದ್ದನ್ನು ಹೇಳಿದ. ಬ್ಯಾಬಿಲೋನಿನವರಂತೆ ನಮ್ಮವರೂ ನೆಲದಲ್ಲಿ ನೆಟ್ಟಗೆ ಒಂದು ಕೋಲು ನಿಲ್ಲಿಸಿ, ಅದರ ನೆರಳಿನಿಂದಲೇ ದಿಕ್ಕು, ಹೊತ್ತು, ಕಾಲ ಮೂರನ್ನೂ ಅಳೆಯುತ್ತಿದ್ದರೆಂದ. ಸಮಿತಿಯವರು ತಲೆಯಾಡಿಸಿದರು. ಅಲ್ಲಿಗೇ ನಿಲ್ಲಿಸಬಹುದಿತ್ತು.

“ಬರೂ ಭಾನುವಾರ ಸೂರ್ಯ ಮುಂಬಯಿ ನೆತ್ತಿ ಮ್ಯಾಲ ಸರಿಯಾಗಿ ಬರ್ತಾನ್ರಿ. ಮಧ್ಯಾಹ್ನ ಹನ್ನೆರಡಕ್ಕ ನಮ್ಮ ಚಾಳಿನ ಅಂಗಳದಾಗ ಕೋಲು ನಿಲ್ಲಿಸಿದ್ರ ಅದಕ್ಕ ನೆರಳೇ ಇರೂದಿಲ್ಲ.”

ಮುರಿಗೆಪ್ಪನವರು ಕನ್ನಡಕ ತೆಗೆದರು.

“ನಾ ಮುಂಬಯಿಗೆ ಬಂದು ನಲವತ್ತು ವರ್ಷ ಆತು. ಬಿಸಲಾಗ ನಿಂತು ನೆರಳಿಲ್ಲದಾಂವನ್ನ ಇನ್ನೂ ಕಂಡಿಲ್ಲ. ನಾನಽ ಬರ್ತೀನಿ. ನೆರಳು ಹೋತಂದ್ರ ಕೆಲಸ ನಿಮ್ದು. ಹೋಗಲಿಲ್ಲಂದ್ರ ಆ ವಿಚಾರ ಬ್ಯಾರೆ.”

ಆ ಬೇರೆ ವಿಚಾರ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತು ಸೋಡಾ ಕುಡಿಯುತ್ತಿತ್ತು.

ಭಾನುವಾರ, ಮೇ ಹದಿನಾರು. ಬೆಳಿಗ್ಗೆ ಎಂಟಕ್ಕೆ ಕಾಶಪ್ಪ ಬಟ್ಟೆ ಒಣಹಾಕುವ ಕೋಲನ್ನು ನಾಲ್ಕು ಅಡಿಗೆ ಕತ್ತರಿಸಿಕೊಂಡು ಅಂಗಳಕ್ಕಿಳಿಯಲು ಹೊರಟ. ಹೆಂಡತಿ ಅಂಬವ್ವ ತೊಯ್ದ ಬಟ್ಟೆಯ ಬಕೀಟು ಹಿಡಿದು ಬಾಗಿಲಲ್ಲೇ ನಿಂತಿದ್ದಳು.

“ಇದ್ದದ್ದೊಂದು ಕೋಲು ಕೊಯ್ದ್ರಿ. ಇವನ್ನ ನಾ ಎಲ್ಲಿ ಹಾಕ್ಲಿ?”

“ಮಧ್ಯಾಹ್ನದ ಮಟಾ ತಡಿ. ಕೆಲಸ ಸಿಕ್ಕರ ಎರಡು ಕೋಲು ತಂದು ಕೊಡ್ತೀನಿ.”

“ಸಿಕ್ಕರ ಅನಬ್ಯಾಡ್ರಿ. ನಳದ ಲೈನಿನಾಗ ನಾ ಎಲ್ಲಾರಿಗೂ ಹೇಳೇಬಿಟ್ಟೀನಿ.”

ಅದು ನಿಜ. ಶುಕ್ರವಾರದಿಂದ ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ಮಾಸ್ತರ ಹೆಂಡತಿ ಎಂದು ಕರೆದು ಎರಡು ಕೊಡ ಮೊದಲು ತುಂಬಿಸಿಕೊಳ್ಳಲು ಬಿಡುತ್ತಿದ್ದರು. ಏಳು ವರ್ಷದ ಚಾಳಿನ ಜೀವನದಲ್ಲಿ ಅಂಬವ್ವನಿಗೆ ಸಿಕ್ಕ ಮೊದಲ ಮರ್ಯಾದೆ ಅದು. ಅವಳು ಅದನ್ನು ಹೊಸ ಸೀರೆಯಂತೆ ಜಾಗ್ರತೆಯಿಂದ ಉಟ್ಟುಕೊಂಡಿದ್ದಳು.

ಸುತ್ತಲೂ ಒಂದೊಂದೇ ಕೋಣೆಯ ಮನೆಗಳ ಮೂರು ಮಹಡಿಯ ಚಾಳು; ನಡುವೆ ಒಂದೇ ಅಂಗಳ. ಇಡೀ ದಿನ ಬಿಸಿಲು ಬೀಳುವ ಜಾಗ ಅಂಗಳದ ನಟ್ಟನಡುವೆ ಎರಡು ಚಾಪೆಯಷ್ಟು ಮಾತ್ರ. ಮೇ ತಿಂಗಳಲ್ಲಿ ಆ ಬಿಸಿಲಿಗೆ ನಾಗವ್ವ ಮಾಲಕಿ. ಕೆಳಗಿನ ಖೋಲಿಯ ಈ ಮುದುಕಿ ಸಂಡಿಗೆ ಮಾಡಿ ಸಯನ್ನಿನ ಅರ್ಧ ಕನ್ನಡ ಮನೆಗಳಿಗೆ ಕೊಡುತ್ತಿದ್ದಳು. ಆ ಹೊತ್ತಿಗಾಗಲೇ ಹಳೆಯ ಧೋತರ ಹಾಸಿ ಸಾಲುಸಾಲಾಗಿ ಸಂಡಿಗೆ ಇಟ್ಟು, ಕಾಗೆ ಓಡಿಸಲು ಕೂತಿದ್ದಳು.

“ಅಜ್ಜಿ, ಒಂದು ಮೊಳ ಜಾಗ ಕೊಡ್ರಿ. ಕೋಲು ನಿಲ್ಲಿಸೂದೈತಿ.”

“ಯಾಕ, ಧ್ವಜಾ ಏರಸ್ತಿಯೇನು?”

ಕಾಶಪ್ಪ ವಿವರಿಸಿದ. ನಾಗವ್ವ ಕೇಳಿದಳು, ಕೇಳುತ್ತಲೇ ಒಂದು ಕಾಗೆ ಓಡಿಸಿದಳು.

“ಇದಕ್ಕ ಕೋಲು ಯಾಕ ಬೇಕು ತಮ್ಮಾ? ವರ್ಷಾ ಸಂಡಿಗಿ ಹಾಕೂ ದಿನದಾಗ ಈ ನಳದ ಕಂಬದ ನೆರಳು ಬುಡಕ್ಕ ಹೊಕ್ಕೊಂಡು ಬಿಡತೈತಿ. ಅದನ್ನ ನೋಡೇ ನಾ ಸಂಡಿಗಿ ಹೊಳ್ಳಿಸಿ ಹಾಕ್ತೀನಿ.”

“ಇದು ಬ್ಯಾರೆ ಅಜ್ಜಿ. ಇದು ಬ್ಯಾಬಿಲೋನಿನವರ ಲೆಕ್ಕ.”

“ಅವರೂ ಸಂಡಿಗಿ ಮಾಡ್ತಿದ್ರೇನು?”

ಕಾಶಪ್ಪ ಕೋಲು ನೆಟ್ಟ. ನೆಟ್ಟಗಿದೆಯೋ ಇಲ್ಲವೋ ನೋಡಲು ದಾರಕ್ಕೆ ಕೀಲಿಕೈ ಗೊಂಚಲು ಕಟ್ಟಿ ಪಕ್ಕದಲ್ಲಿ ಇಳಿಬಿಟ್ಟ. ಒಂದು ಕಣ್ಣು ಮುಚ್ಚಿದ. ಒಂದು ಹೆಜ್ಜೆ ಹಿಂದೆ ಸರಿದ, ಮತ್ತೊಂದು ಹೆಜ್ಜೆ ಸರಿದ. ಕಾಲ ಕೆಳಗೆ ಐದು ಸಂಡಿಗೆ ಒಂದಾದವು.

ನಾಗವ್ವ ಏನೂ ಅನ್ನಲಿಲ್ಲ. ನಾಗವ್ವ ಏನೂ ಅನ್ನದೆ ಇರುವುದೆಂದರೇನು ಎಂಬುದನ್ನು ಏಳು ವರ್ಷದಲ್ಲಿ ಅವನು ಕಲಿತಿರಬೇಕಿತ್ತು.

ಹನ್ನೊಂದೂವರೆಗೆ ಚಾಳಿನ ಪಡಸಾಲೆಗಳ ಕಟಾಂಜನಕ್ಕೆ ಒರಗಿ ತುಂಬ ಜನ. ತಲೆಯ ಮೇಲೆ ಒದ್ದೆ ಟವೆಲು ಹಾಕಿಕೊಂಡು ಕೆಲವರು ಅಂಗಳಕ್ಕೇ ಬಂದಿದ್ದರು. ಎಲ್ಲರಿಗಿಂತ ಮುಂದೆ ಶಂಕ್ರೆಪ್ಪ. ಲಾರಿ ಕಂಪನಿಯೊಂದರಲ್ಲಿ ಸಾಮಾನು ಹೇರಿಸುವ ಕೆಲಸ ಅವನದು. ಯಾರಾದರೂ ಕಷ್ಟದಲ್ಲಿದ್ದರೆ ಅವನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಅವನ ಉಪಕಾರದಿಂದ ಚೇತರಿಸಿಕೊಳ್ಳುತ್ತಿರುವ ಎರಡು ಮೂರು ಮನೆಗಳು ಆ ಚಾಳಿನಲ್ಲೇ ಇದ್ದವು.

“ಕಾಶಣ್ಣಾ, ಹೆದರಬ್ಯಾಡ. ನಾ ಅದೀನಿ,” ಅಂದ. ಕಾಶಪ್ಪನಿಗೆ ಆವರೆಗೆ ಹೆದರಿಕೆ ಇರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಮುರಿಗೆಪ್ಪನವರು ಬಂದರು. ಕಚ್ಚೆ, ಕರಿ ಕೋಟು, ದೊಡ್ಡ ಕರಿ ಛತ್ರಿ. ಬಂದವರೇ ಛತ್ರಿ ಬಿಚ್ಚಿಕೊಂಡು ಕೋಲಿನ ಪಕ್ಕದಲ್ಲಿ ನಿಂತರು. ಅದರ ನೆರಳು ಕೋಲಿನ ನೆರಳನ್ನು ನುಂಗಿತು.

“ಸಾವ್ಕಾರ್ರ, ಛತ್ರಿ ಸ್ವಲ್ಪ ಈ ಕಡೆ…”

“ಅಂದ್ರ ನಾ ಬಿಸಲಾಗ ನಿಲ್ಲಬೇಕೇನು?”

“ಶಾಸ್ತ್ರಕ್ಕಾಗಿ ರೀ.”

ಮುರಿಗೆಪ್ಪನವರು ಶಾಸ್ತ್ರಕ್ಕಾಗಿ ಛತ್ರಿ ಮಡಚಿದರು. ಕೋಟಿನೊಳಗಿಂದ ಸರಪಳಿ ಗಡಿಯಾರ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅಂಗಳ ಸುಮ್ಮನಾಯಿತು. ಮೇಲಿನ ಮಹಡಿಯಲ್ಲಿ ಒಂದು ಮಗು ಅತ್ತದ್ದಕ್ಕೆ ಹತ್ತು ಜನ ಶ್ಶ್ ಅಂದರು.

“ಹನ್ನೆರಡು,” ಅಂದರು ಮುರಿಗೆಪ್ಪನವರು.

ಎಲ್ಲರೂ ನೆಲ ನೋಡಿದರು. ಕೋಲಿನ ಬುಡದಿಂದ ಪಡುವಣ ದಿಕ್ಕಿಗೆ ಒಂದು ಗೇಣು ನೆರಳು ಹಾಯಾಗಿ ಮಲಗಿತ್ತು.

“ಕಡಿಮಿ ಆಗಾಕ ಹತ್ತೈತ್ರಿ,” ಅಂದ ಕಾಶಪ್ಪ.

“ಆಗಲಿ. ಹನ್ನೆರಡಕ್ಕ ಹೋಗತೈತಿ ಅಂದಿದ್ರಿ.”

ಐದು ನಿಮಿಷ ಕಾದರು. ಗೇಣಿನ ನೆರಳು ಗೇಣಿಗೆ ಸ್ವಲ್ಪ ಕಡಿಮೆಯಾಯಿತು. ಮುರಿಗೆಪ್ಪನವರು ಬೆವರು ಒರೆಸಿಕೊಂಡು ಛತ್ರಿ ಬಿಚ್ಚಿದರು.

“ತಮ್ಮಾ, ನೀವು ಒಳ್ಳೆಯವರದೀರಿ. ಆದರ ಪುಸ್ತಕಾ ನಂಬಿ ಮಕ್ಕಳ ಮುಂದ ನಿಂತ್ರ ಹಿಂಗಽ ಆಗತೈತಿ,” ಎಂದು ಬಸ್ ಸ್ಟಾಪಿನ ದಾರಿ ಹಿಡಿದರು.

ಜನ ಕಾಶಪ್ಪನನ್ನು ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ನೋವಾದದ್ದು. ಮೇಲೆ ನೋಡಿದ, ಅಂಬವ್ವ ಕಟಾಂಜನ ಬಿಟ್ಟು ಒಳಗೆ ಹೋಗಿದ್ದಳು. ಅವನು ಮೂಲೆಯ ಚೆನ್ನಯನ ಹೋಟೆಲಿಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತ.

ಚೆನ್ನಯ ಉಡುಪಿ ಕಡೆಯವನು. ಕೇಳದೆಯೇ ಚಾ ತಂದಿಟ್ಟ.

“ನೆರಳು ಎಲ್ಲಿ ಹೋಗ್ತದೆ ಕಾಶಪ್ಪಣ್ಣ. ಬಿಡಿ. ಚಾ ಕುಡೀರಿ.”

ಕಾಶಪ್ಪ ಗೋಡೆ ನೋಡಿದ. ಗೋಡೆಯ ಮೇಲೆ ಹಳೆಯ ಗಡಿಯಾರ. ಅದರಲ್ಲಿ ಹನ್ನೊಂದು ಗಂಟೆ ಮೂವತ್ತನಾಲ್ಕು ನಿಮಿಷ.

“ನಿಮ್ಮ ಗಡಿಯಾರ ನಿಂತೈತಿ ಚೆನ್ನಯ.”

“ನಿಂತದ್ದಲ್ಲ ಮಾರಾಯ್ರೆ. ಅದು ಬೊಂಬಾಯಿ ಟೈಮ್. ನಮ್ಮ ಅಪ್ಪ ಇಟ್ಟದ್ದು, ನಾನು ಮುಟ್ಟಲಿಲ್ಲ. ಸರಕಾರದವರು ಇಡೀ ದೇಶಕ್ಕೆ ಒಂದೇ ಟೈಮ್ ಮಾಡಿ ಮೂವತ್ತೊಂಬತ್ತು ನಿಮಿಷ ಮುಂದೆ ತಳ್ಳಿದ್ರಲ್ಲ, ಅದು ರೈಲಿನವರಿಗೆ. ನನ್ನ ಇಡ್ಲಿಗೆ ಯಾಕೆ?”

ಕಾಶಪ್ಪ ಚಾದ ಬಸಿ ಕೆಳಗಿಟ್ಟ. ಬ್ಯಾಬಿಲೋನಿನವರ ಹತ್ತಿರ ಸರಪಳಿ ಗಡಿಯಾರ ಇರಲಿಲ್ಲ. ಅವರು ಕೋಲು ನೋಡುತ್ತಿದ್ದರು, ನೆರಳು ಅತಿ ಚಿಕ್ಕದಾದದ್ದನ್ನೇ ಮಧ್ಯಾಹ್ನ ಅನ್ನುತ್ತಿದ್ದರು. ಇಷ್ಟನ್ನು ಪುಸ್ತಕದಲ್ಲಿ ಮೂರು ಸಲ ಓದಿಯೂ ಅವನು ಮುರಿಗೆಪ್ಪನವರ ಅಂಗೈ ನೋಡುತ್ತ ನಿಂತಿದ್ದ. ಸೂರ್ಯ ನೆತ್ತಿಗೆ ಬರಲು ಇನ್ನೂ ಇಪ್ಪತ್ತು ಚಿಲ್ಲರೆ ನಿಮಿಷ ಇತ್ತು.

ಅವನು ಓಡಿದ. ಒಂದು ಚಪ್ಪಲಿ ಹೋಟೆಲಿನಲ್ಲೇ ಉಳಿಯಿತು. ಮೇ ತಿಂಗಳ ಡಾಂಬರಿನ ಮೇಲೆ ಕಾಶಪ್ಪ ಒಂದು ಕಾಲಿನಲ್ಲಿ ಓಡಿ ಒಂದು ಕಾಲಿನಲ್ಲಿ ಕುಣಿದು ಬಸ್ ಸ್ಟಾಪು ಮುಟ್ಟಿದಾಗ, ಭಾನುವಾರದ ಪುಣ್ಯದಿಂದ ಬಸ್ಸು ಇನ್ನೂ ಬಂದಿರಲಿಲ್ಲ. ಮುರಿಗೆಪ್ಪನವರು ಲೈನಿನಲ್ಲಿ ಐದನೆಯವರಾಗಿ ಛತ್ರಿಯ ಕೆಳಗೆ ನಿಂತಿದ್ದರು.

“ಸಾವ್ಕಾರ್ರ, ಹನ್ನೆರಡು ಇನ್ನೂ ಆಗಿಲ್ರಿ.”

ಮುರಿಗೆಪ್ಪನವರು ಗಡಿಯಾರ ತೋರಿಸಿದರು.

“ಅದು ಸರಕಾರದ ಹನ್ನೆರಡು ರೀ. ಸೂರ್ಯಗ ಸರಕಾರದ ಹುಕುಂ ಮುಟ್ಟಿಲ್ಲ. ಅಂವ ಇನ್ನೂ ಬಾಂಬೆ ಟೈಮಿನಾಗಽ ಅದಾನ.”

ಲೈನಿನಲ್ಲಿದ್ದವರು ತಿರುಗಿ ನೋಡಿದರು. ಮುರಿಗೆಪ್ಪನವರ ಮುಖದ ಮೇಲೆ ಮಾತ್ರ ಬೇರೆಯೇ ಒಂದು ಭಾವ ಬಂತು. ಬಾಂಬೆ ಟೈಮು ಅವರ ಹರೆಯದ ಟೈಮು.

“ಆ ಮೂವತ್ತೊಂಬತ್ತು ನಿಮಿಷಕ್ಕ ನನಗೂ ಸಿಟ್ಟೈತಿ,” ಅಂದರು. “ಅವತ್ತಿಂದ ಊಟಾ ಸರಿ ಮೈಗೆ ಹತ್ತಿಲ್ಲ. ಅಂದ್ರ ನೆರಳು ಎಷ್ಟೊತ್ತಿಗೆ ಹೋಗಬೇಕು?”

“ನಿಮ್ಮ ಗಡಿಯಾರದಾಗ ಹನ್ನೆರಡೂ ಮೂವತ್ತೈದಕ್ಕ. ಮೇ ತಿಂಗಳದಾಗ ಸೂರ್ಯ ನಾಕು ನಿಮಿಷ ಮುಂದ ಇರ್ತಾನ. ನಡೀರಿ, ಇನ್ನೂ ಹದಿನೈದು ನಿಮಿಷ ಐತಿ.”

ಮುರಿಗೆಪ್ಪನವರು ಲೈನು ಬಿಟ್ಟರು. ಮುಂಬಯಿಯಲ್ಲಿ ಬಸ್ಸಿನ ಲೈನು ಬಿಡುವುದು ಸಣ್ಣ ತ್ಯಾಗವಲ್ಲ. ಕಾಶಪ್ಪನಿಗೆ ಕಣ್ಣು ತುಂಬಿ ಬಂದಂತಾಯಿತು. ಸುಟ್ಟ ಅಂಗಾಲೂ ಅದಕ್ಕೆ ಕಾರಣವಿರಬಹುದು. ಮುರಿಗೆಪ್ಪನವರ ನಡಿಗೆ ತೂಕದ್ದು. ಆದರೂ ಹನ್ನೆರಡೂ ಮೂವತ್ತೆರಡಕ್ಕೆ ಇಬ್ಬರೂ ಚಾಳಿನ ಕಮಾನು ದಾಟಿ ಅಂಗಳಕ್ಕೆ ಕಾಲಿಟ್ಟರು.

ಅಂಗಳ ಕತ್ತಲಾಗಿತ್ತು.

ಈ ಕಡೆಯ ಕಟಾಂಜನದಿಂದ ಆ ಕಡೆಯ ಕಟಾಂಜನದವರೆಗೆ, ನಲ್ಲಿಯನ್ನೂ ಕೋಲನ್ನೂ ಸಂಡಿಗೆಯನ್ನೂ ಮುಚ್ಚಿ, ಲಾರಿಯ ಸರಕಿಗೆ ಹೊದಿಸುವ ದೊಡ್ಡ ತಾಡಪತ್ರಿಯೊಂದು ಬಿಗಿಯಾಗಿ ಕಟ್ಟಿಸಿಕೊಂಡು ಆಕಾಶದಂತೆ ಹರಡಿತ್ತು. ಅದರ ಕೆಳಗೆ ಶಂಕ್ರೆಪ್ಪ ಬೆವರು ಸುರಿಸುತ್ತ, ಮದುವೆ ಮನೆಯ ಯಜಮಾನನ ಹಾಗೆ ನಗುತ್ತ ನಿಂತಿದ್ದ.

“ಬರ್ರಿ ಸಾವ್ಕಾರ್ರ. ಈಗ ಹುಡುಕ್ರಿ ನೆರಳು. ಕೋಲಿಗಷ್ಟಽ ಅಲ್ಲ, ಇಡೀ ಚಾಳಿಗೇ ಇಲ್ಲ.” ಆಮೇಲೆ ಕಾಶಪ್ಪನ ಕಿವಿಯ ಹತ್ತಿರ ಬಂದು ಹೇಳಿದ: “ನೀ ತಲಿ ಬಗ್ಗಿಸಿ ಹೋದದ್ದು ನೋಡಲಿಕ್ಕೆ ಆಗಲಿಲ್ಲ ಕಾಶಣ್ಣಾ. ಗೋಡೌನಿಂದ ಹೊತ್ತು ತಂದೆ.”

ಕಾಶಪ್ಪ ತಾಡಪತ್ರಿಯ ಕಡೆ ಕೈ ತೋರಿಸಿದ.

“ತಗಿ. ಇದನ್ನ ಮೊದಲು ತಗಿ.”

“ಯಾಕ?”

“ಬಿಸಲು ಬೇಕು ಶಂಕ್ರೆಪ್ಪಾ. ನೆರಳು ಹೋಗಬೇಕಾದ್ರ ಬಿಸಲು ಬೇಕು.”

ಈ ಮಾತು ಶಂಕ್ರೆಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಗೆಳೆಯ ಕೇಳಿದನೆಂದು ಮೇಲೆ ಹತ್ತಿದ. ತಾಡಪತ್ರಿಯ ನಾಲ್ಕು ಮೂಲೆಗೆ ನಾಲ್ಕು, ನಡುವೆ ಆರು, ಒಟ್ಟು ಹತ್ತು ಗಂಟು. ಪುಣೆಯ ಘಾಟಿನಲ್ಲಿ ಲಾರಿ ಉರುಳಿದರೂ ತಾನು ಹಾಕಿದ ಗಂಟು ಬಿಚ್ಚುವುದಿಲ್ಲ ಎಂಬುದು ಅವನ ಹೆಮ್ಮೆ. ಅವನೇ ಬಿಚ್ಚಲು ಕೂತರೂ ಅವು ಬಿಚ್ಚಲಿಲ್ಲ.

“ವಿಳೇದೆಲಿ ಕತ್ತರಸೂ ಕತ್ತರಿ ತರ್ರಿ,” ಎಂದು ಒಬ್ಬರು. “ಹಗ್ಗಾ ಕಂಪನೀದು, ಕತ್ತರಸಬ್ಯಾಡ್ರಿ,” ಎಂದು ಶಂಕ್ರೆಪ್ಪ ಮೇಲಿನಿಂದ. ಕಾಶಪ್ಪ ಹಲ್ಲಿನಿಂದ ಒಂದು ಗಂಟು ಕಚ್ಚಿದ. ಮುರಿಗೆಪ್ಪನವರು ಗಡಿಯಾರ ನೋಡುತ್ತ, “ಮೂವತ್ತೈದು,” ಅಂದರು. ಸ್ವಲ್ಪ ತಡೆದು, “ನಲವತ್ತು,” ಅಂದರು. ಮುಂಬಯಿಯ ನೆತ್ತಿಯ ಮೇಲೆ ಸೂರ್ಯ ಬಂದು, ನಿಂತು, ಹೋದ. ತಾಡಪತ್ರಿಯ ಕೆಳಗಿದ್ದವರು ಯಾರೂ ಅದನ್ನು ನೋಡಲಿಲ್ಲ. ಕೋಲನ್ನು ಕಿತ್ತು ಹೊರಗಿನ ರಸ್ತೆಗೆ ಒಯ್ದು ನಿಲ್ಲಿಸಬಹುದಿತ್ತು ಎಂಬುದು ಕಾಶಪ್ಪನಿಗೆ ಹೊಳೆದದ್ದು ಸೋಮವಾರ, ಜೋಗೇಶ್ವರಿಗೆ ಹೋಗುವ ಲೋಕಲ್ಲಿನಲ್ಲಿ.

ಒಂದು ಗಂಟೆಗೆ ಐದು ನಿಮಿಷ ಇರುವಾಗ ತಾಡಪತ್ರಿ ಕೆಳಗೆ ಬಿತ್ತು. ಬಿಸಿಲು ಒಮ್ಮೆಲೇ ಬಂದು ಎಲ್ಲರ ಕಣ್ಣಿಗೆ ಹೊಡೆಯಿತು. ಕೋಲಿನ ಬುಡದಿಂದ, ಈಗ ಮೂಡಣ ದಿಕ್ಕಿಗೆ, ನಾಲ್ಕು ಬೆರಳಿನಷ್ಟು ನೆರಳು.

“ನೋಡ್ರಿ ಸಾವ್ಕಾರ್ರ,” ಎಂದ ಕಾಶಪ್ಪ. “ಆಗ ಆ ಕಡೆ ಇತ್ತು. ಈಗ ಈ ಕಡೆ ಐತಿ. ಅಂದ್ರ ನಡುವ ಒಂದು ಕ್ಷಣ ಇರಲಿಲ್ಲ.”

“ನನ್ನ ಅಂಗಡಿ ಬೆಕ್ಕು ಬೆಳಿಗ್ಗೆ ಜೋಳದ ಚೀಲದ ಮ್ಯಾಲ ಇರತೈತಿ. ಸಂಜಿಕ ಗೋದಿ ಚೀಲದ ಮ್ಯಾಲ. ನಡುವ ಬೆಕ್ಕಽ ಇರಲಿಲ್ಲ ಅನ್ನಾಕ ಆಗತೈತೇನು?”

ಕಾಶಪ್ಪ ಸುತ್ತ ನೋಡಿದ. ಅವನ ಕಣ್ಣು ನಾಗವ್ವನ ಮೇಲೆ ನಿಂತಿತು.

“ಈ ಅಜ್ಜಿ ಪ್ರತಿ ವರ್ಷ ಕಂಡಾರ್ರಿ. ಬೇಕಾದ್ರ ಕೇಳ್ರಿ. ಅಜ್ಜಿ, ಬೆಳಿಗ್ಗೆ ಹೇಳಿದ್ರೆಲಾ, ನಳದ ಕಂಬದ ನೆರಳು ಹೋಗತೈತಿ ಅಂತ?”

ಮುರಿಗೆಪ್ಪನವರು ಅವಳ ಕಡೆ ತಿರುಗಿದರು. “ನೀವು ಕಂಡೀರೇನವ್ವಾ?”

ನಾಗವ್ವ ಧೋತರದ ಮೇಲಿನ ಸಂಡಿಗೆ ನೋಡಿದಳು. ಐದು ಕಾಶಪ್ಪನ ಕಾಲಿಗೆ ಹೋಗಿದ್ದವು. ಅರ್ಧ ಗಂಟೆಯ ಬಿಸಿಲು ಶಂಕ್ರೆಪ್ಪನ ಉಪಕಾರಕ್ಕೆ ಹೋಗಿತ್ತು. ತಾಡಪತ್ರಿಯಿಂದ ಉದುರಿದ ಸಿಮೆಂಟು ಉಳಿದವುಗಳ ಮೇಲೆ ಬೂದಿಯಂತೆ ಕೂತಿತ್ತು.

“ನಾ ಏನೂ ಕಂಡಿಲ್ಲ,” ಅಂದಳು. “ತಾಡಪತ್ರಿ ಕಂಡೀನಿ.”

ಮುರಿಗೆಪ್ಪನವರು ಗಡಿಯಾರವನ್ನು ಕೋಟಿನೊಳಗೆ ಇಟ್ಟರು. ಅಂಬವ್ವ ಯಾವಾಗಲೋ ಕೆಳಗೆ ಬಂದು ಕಂಬದ ಪಕ್ಕ ನಿಂತಿದ್ದಳು. ಕೈಯಲ್ಲಿ ಇನ್ನೂ ಒದ್ದೆ ಬಟ್ಟೆಯ ಬಕೀಟು. ಅವಳ ಮುಖ ನೋಡಿದ್ದೇ ಕಾಶಪ್ಪನಿಗೆ ಪುಸ್ತಕದ ಇನ್ನೊಂದು ಪುಟ ನೆನಪಾಯಿತು. ಆ ಪುಟ ನೆನಪಾದ ಸಂತೋಷಕ್ಕೆ ಅವನು ಮುರಿಗೆಪ್ಪನವರ ಛತ್ರಿಯನ್ನೇ ಹಿಡಿದುಕೊಂಡ.

“ಸಾವ್ಕಾರ್ರ, ಹೋಗಬ್ಯಾಡ್ರಿ. ಇದು ವರ್ಷಕ್ಕ ಎರಡು ಸಲ ಆಗತೈತಿ. ಸೂರ್ಯ ಉತ್ತರಕ್ಕ ಹೋಗೂಮುಂದ ಒಮ್ಮೆ, ಹೊಳ್ಳಿ ದಕ್ಷಿಣಕ್ಕ ಬರೂಮುಂದ ಮತ್ತೊಮ್ಮೆ. ಹಳೇ ಕಾಲದವರಿಗೆ ಅದೂ ಗೊತ್ತಿತ್ತು. ನನಗ ಇನ್ನೊಂದು ಅವಕಾಶ ಕೊಡ್ರಿ. ಅವತ್ತು ನೆರಳು ಕಂಡರ ನಾ ಕೆಲಸ ಕೇಳೂದಿಲ್ಲ.”

“ಯಾವಾಗ ಅದು?”

“ಜುಲೈ ಇಪ್ಪತ್ತೆಂಟಕ್ಕ.”

ಮುರಿಗೆಪ್ಪನವರು ಅವನನ್ನು ಬಹಳ ಹೊತ್ತು ನೋಡಿದರು. ನಲವತ್ತು ವರ್ಷ ಮುಂಬಯಿಯಲ್ಲಿ ಬಾಳಿದವರು. ಅವರ ಮುಖ ನಿಧಾನವಾಗಿ ಮೃದುವಾಯಿತು.

“ಒಪ್ಪಿದೆ,” ಅಂದರು. “ಇಷ್ಟು ಮಂದಿ ಮುಂದ ಹೇಳ್ತೀನಿ. ಜುಲೈ ಇಪ್ಪತ್ತೆಂಟಕ್ಕ ನಾ ಇಲ್ಲೇ ಬಂದು ನಿಲ್ತೀನಿ. ಬಿಸಲಾಗ ಈ ಕೋಲಿಗೆ ನೆರಳಿಲ್ಲದ್ದು ಕಣ್ಣಾರೆ ಕಂಡರ ಅವತ್ತಽ ಕೆಲಸ ನಿಮ್ದು. ಶಾಲಿ ಜೂನಿಗೆ ಚಾಲೂ ಆಗತೈತಿ. ಅಲ್ಲೀಮಟಾ ನಮ್ಮ ಅಕ್ಕನ ಮಗ ಹಂಗಾಮಿ ನೋಡಿಕೊಂಡು ಹೋಗ್ತಾನ.”

ಕಾಶಪ್ಪ ಅವರ ಕಾಲಿಗೆ ನಮಸ್ಕಾರ ಮಾಡಿದ. ಮುರಿಗೆಪ್ಪನವರು ಅವನ ಕೈಯಿಂದ ಛತ್ರಿ ಬಿಡಿಸಿಕೊಂಡು, ಅದನ್ನು ಒಮ್ಮೆ ಪ್ರೀತಿಯಿಂದ ಸವರಿ, ಬಸ್ ಸ್ಟಾಪಿಗೆ ಹೋದರು.

ಅಂಗಳದಲ್ಲಿ ಗದ್ದಲವೋ ಗದ್ದಲ. ಶಂಕ್ರೆಪ್ಪ ಕಾಶಪ್ಪನನ್ನು ಅಪ್ಪಿಕೊಂಡು, ಮುಂದಿನ ಸಲ ತಾನು ಊರಲ್ಲೇ ಇರುವುದಿಲ್ಲ ಎಂದು ದೇವರಾಣೆ ಮಾಡಿದ. ಚೆನ್ನಯ ಉಳಿದ ಚಪ್ಪಲಿಯನ್ನು ತಾನೇ ತಂದು ಕೊಟ್ಟ. ಅಂಬವ್ವನ ಮುಖಕ್ಕೆ ರಕ್ತ ಬಂದಿತ್ತು. ಎರಡೂವರೆ ತಿಂಗಳಷ್ಟೇ, ನಳದ ಲೈನಿನಲ್ಲಿ ಹೇಗಾದರೂ ನಿಭಾಯಿಸಬಹುದು ಎಂದು ಅವಳು ಲೆಕ್ಕ ಹಾಕುತ್ತಿದ್ದಳು.

“ಅಜ್ಜಿ, ಬೇಜಾರ ಮಾಡಿಕೋಬ್ಯಾಡ್ರಿ,” ಎಂದು ಕಾಶಪ್ಪ ನಾಗವ್ವನ ಪಕ್ಕ ಕುಕ್ಕರಗಾಲಲ್ಲಿ ಕೂತು, ಸಂಡಿಗೆಯ ಮೇಲಿನ ಸಿಮೆಂಟು ಊದತೊಡಗಿದ. “ಜುಲೈದಾಗ ನಿಮ್ಮ ಸಂಡಿಗಿಗೆ ಕಾಲು ತಾಗಿಸೂದಿಲ್ಲ. ದೂರ ನಿಂತು ಕೋಲು ನೆಡ್ತೀನಿ.”

ನಾಗವ್ವನಿಗೆ ಈಗ ಅವನ ಮೇಲೆ ಸಿಟ್ಟು ಉಳಿದಿರಲಿಲ್ಲ. ಅವನ ಬೆನ್ನ ಮೇಲೆ ಕೈ ಇಟ್ಟಳು.

“ತಮ್ಮಾ,” ಅಂದಳು, “ಜುಲೈದಾಗ ಮುಂಬಯಿಯೊಳಗ ಬಿಸಲು ಬೀಳ್ತಿತ್ತಂದ್ರ ನಾ ಈ ಉರಿಯಾಗ ಕುಂತು ಯಾಕ ಸಂಡಿಗಿ ಒಣಗಸ್ತಿದ್ದೆ?”